ಯಾವ ತಿಂಗಳು ಬಂದರೆ ಚಲೋ

ಕೋಡಿಬಾಗದ ಬಸ್ ತಂಗುದಾಣದ ಗೋಡೆಗೆ
ನನ್ನ ನಂಬರು ಬರೆದವನು ಮೈದುನ ದೇವಿದಾಸ.
ಸುಣ್ಣದಲ್ಲಿ, ಎಂಟು ಮೂರಾಗಿ ಕಾಣುವ ಹಾಗೆ.
ಆ ಮೂರಿನ ಕರೆಗಳೆಲ್ಲ ಕುಮಟೆಯ ಒಬ್ಬ ಮಾಸ್ತರಿಗೆ ಹೋಗುತ್ತವಂತೆ,
ಅವರೂ ಪಾಪ, ಜನವರಿಯಲ್ಲಿ ಬನ್ನಿ ಅನ್ನುತ್ತಾರಂತೆ.

ನನಗೆ ಬರುವುದು ಬಂಗಡೆ ಕೊಯ್ಯಲು ಕೂತಾಗ.
ಮೊಣಕೈಯಿಂದ ಒತ್ತಿ, ಭುಜಕ್ಕೆ ಸಿಕ್ಕಿಸಿಕೊಂಡು
ಹೇಳಿ, ಅನ್ನುತ್ತೇನೆ.
ನಡುಗಡ್ಡೆಗೆ ಯಾವ ತಿಂಗಳು ಬಂದರೆ ಚಲೋ?

ದಾವಣಗೆರೆಯವರಿಗೆ ಜನವರಿ.
ಬೆಳಗಿನ ಗಾಳಿ ನೆಲದ ಕಡೆಯಿಂದ,
ಸಮುದ್ರ ಎಣ್ಣೆ ಸವರಿದ ಕಾವಲಿ,
ಕೂರ್ಮಗಡದ ಬದಿಗೆ ಡಾಲ್ಫಿನ್ನು ಬೆನ್ನು ತೋರಿಸುತ್ತವೆ;
ತೋರಿಸದಿದ್ದರೆ ದುಡ್ಡು ವಾಪಸಿಲ್ಲ.
ವಾಂತಿಯ ಹೆದರಿಕೆಯವರಿಗೆ ಫೆಬ್ರುವರಿ.
ಮಾರ್ಚಿನಲ್ಲಾದರೆ ಹನ್ನೊಂದರೊಳಗೆ ತಿರುಗಿ ಬನ್ನಿ,
ಆಮೇಲೆ ಏಳುವ ಪಡುಗಾಳಿ ಟಿಕೇಟು ನೋಡುವುದಿಲ್ಲ.
ಮೇ ಬೇಡ. ಬಂಡೆ ಕಾದು ಚಪ್ಪಲಿಯ ಅಂಟು ಬಿಡುತ್ತದೆ.
ಅಂದರೂ ಬರುತ್ತೀರಿ, ಮಕ್ಕಳ ರಜೆ ಆಗಲೇ ತಾನೆ.
ಬಂದವರು ಕರಿ ಇಶಾಡು ತಿಂದು ಹೋಗಿ,
ಆ ತಿಂಗಳ ಪುಣ್ಯ ಅದೊಂದೇ.

ಅಕ್ಟೋಬರು ಯಾರಿಗೂ ಹೇಳುವುದಿಲ್ಲ.
ಅದು ನಮಗೆ ಇಟ್ಟುಕೊಂಡದ್ದು.
ರಾತ್ರಿ ಹುಟ್ಟು ಅದ್ದಿದಲ್ಲೆಲ್ಲ ನೀರು ಮಿಣುಕುತ್ತದೆ.
ಗಂಡ ಇಂಜಿನ್ನು ಆರಿಸುತ್ತಾನೆ,
ನಾನು ಕೈ ಇಳಿಬಿಡುತ್ತೇನೆ,
ಗಾಜಿನ ಬಳೆಗೆ ಯಾರೋ ಬೆಳಕು ತೊಡಿಸುತ್ತಾರೆ.
ಮದುವೆಯಾಗಿ ಹತ್ತೊಂಬತ್ತು ವರ್ಷ.

ಹೋದ ಜೂನಿನಲ್ಲಿ, ಬೋಟನ್ನು ದಂಡೆಗೆಳೆದು
ಮಡಲು ಹೊದೆಸಿದ ಮೇಲೆ, ಒಂದು ಫೋನು.
ಗದಗಿನ ಹೆಂಗಸು, ಖುತೀಜಾ ನದಾಫ.
ನಾಳೆ ಬರಬೇಕಂತ ಮಾಡೇನ್ರಿ.

ಜನವರಿ ನನ್ನ ನಾಲಿಗೆಯ ತುದಿಗಿತ್ತು.
ಈಗ ಬೋಟಿಲ್ಲ ಅಕ್ಕ, ಅಂದೆ.
ನೂಲ ಹುಣ್ಣಿಮೆಗೆ ಕಾಯಿ ಬಿಡದೆ ಯಾರೂ ಇಳಿಯುವುದಿಲ್ಲ.
ಗೊತ್ತೈತ್ರಿ, ಅದಕ್ಕಽ ಬರಾಕತ್ತೇನಿ, ಅಂದಳು.

ಅವಳ ಅಪ್ಪ ದೇವಗಡದಲ್ಲಿ ದೀಪ ಹಚ್ಚುತ್ತಿದ್ದನಂತೆ.
ಮಳೆಗಾಲದಲ್ಲಿ ಬರೆದ ಕಾಗದ
ಅಲ್ಲೇ ಡಬ್ಬಿಯಲ್ಲಿ ಕೂತು,
ಸಮುದ್ರ ತೆರೆದ ಮೇಲೆ ಗದಗಿಗೆ
ಹತ್ತೋ ಹನ್ನೊಂದೋ ಒಟ್ಟಿಗೇ ಬರುತ್ತಿದ್ದವಂತೆ.
ಪ್ರೀತಿ ಗೀತಿ ಏನಿಲ್ಲ. ತಾರೀಖು,
ಅಕ್ಕಿ ಎಷ್ಟು ಉಳಿಯಿತು, ಕಡ್ಡಿಪೆಟ್ಟಿಗೆ ಎಷ್ಟು ಉಳಿಯಿತು,
ಕೊನೆಗೆ ಒಂದು ಸಹಿ.
ಆ ಜೂನ್ ಹೆಂಗಿರತಿತ್ತು ನೋಡಬೇಕಾಗೇತ್ರಿ.

ಬಂದಳು. ಅಂಕೋಲೆಯಲ್ಲೇ ಕೊಡೆಯ ಕಡ್ಡಿ ಮುರಿದಿತ್ತು.
ಉಸುಕಿನ ಮೇಲೆ ಇಬ್ಬರೂ ನಿಂತೆವು, ನನ್ನ ಕೊಡೆಯೊಂದರಡಿ.
ನಡುಗಡ್ಡೆ ಇರಲಿಲ್ಲ.
ಇದ್ದಲ್ಲಿ ಮಳೆ ಇತ್ತು, ಮಳೆಯ ಹಿಂದೆ ಇನ್ನೊಂದು ಮಳೆ,
ಕಾಳಿಯ ಕೆಂಪು ನೀರು ಒಳಗೊಳಗೆ ನುಗ್ಗಿ
ಸಮುದ್ರದ ಬಣ್ಣ ಕೆಡಿಸಿತ್ತು.
ನನಗೇ ನಾಚಿಕೆ, ಮನೆಗೆ ಕರೆದು
ಅನ್ನ ಇಲ್ಲ ಅಂದ ಹಾಗೆ.
ಚಾ ಕುಡಿದು ಬರುವಾ, ಅಂದೆ. ಬರಲಿಲ್ಲ.

ಏಳೂವರೆಗೆ ಮಳೆ ತುಸು ತೆಳ್ಳಗಾಯಿತು.
ಹತ್ತಿಯೊಳಗಿಂದ ಸೂಜಿ ಇಣುಕಿದ ಹಾಗೆ
ಒಂದು ಬೆಳಕು ಬಂತು, ಹೋಯಿತು.
ಮತ್ತೆ ಬರುತ್ತದೋ ಇಲ್ಲವೋ ಅನ್ನುವಾಗ
ಬಂತು.

ಅವಳು ಅಳಲಿಲ್ಲ.
ತುಟಿ ಮಾತ್ರ ಲೆಕ್ಕ ಹಾಕುತ್ತಿತ್ತು.
ಅರ್ಧ ಚೀಲ ಉಳದೈತಿ, ಅಂದಳು, ನನಗಲ್ಲ.

ರಾತ್ರಿ ನಮ್ಮಲ್ಲೇ ಉಂಡಳು, ಒಣಸಿಗಡಿ ಚಟ್ನಿ, ಗಂಜಿ.
ಬೋಟಿನ ದುಡ್ಡು ಚಾಚಿದಳು.
ಬೋಟೇ ಹೋಗಲಿಲ್ಲವಲ್ಲ, ಅಂದೆ.
ಚಾಚಿದ ಕೈ ಇಳಿಯಲಿಲ್ಲ.
ಅರ್ಧ ತೆಗೆದುಕೊಂಡೆ, ಸುಳ್ಳು ಯಾಕೆ,
ಜೂನಿನಲ್ಲಿ ಅರ್ಧವೂ ದೊಡ್ಡದು.

ಅವಳು ಮಲಗಿದ ಮೇಲೆ
ಅಕ್ಕಿ ಡಬ್ಬಿಯ ಮುಚ್ಚಳ ಸದ್ದಾಗದ ಹಾಗೆ ತೆಗೆದು
ಕೈ ಇಳಿಸಿ ನೋಡಿದೆ.
ಮಣಿಕಟ್ಟಿನ ತನಕ.
ಹುಣ್ಣಿಮೆಗೆ ಇನ್ನೂ ಐವತ್ತೆಂಟು ದಿನ.